ಒತ್ತದೆ ನುಡಿಯುವ ಸ್ವರ

ಹೋದ ವಾರ ನನ್ನ ತಮ್ಮ ಬಸು ಇಚಲಕರಂಜಿಯಿಂದ ಮೋಟಾರ್ ಸೈಕಲ್ ಮೇಲೆ ಕೊಲ್ಹಾಪುರಕ್ಕೆ ಬಂದ. ಹೇಳದೆ ಕೇಳದೆ ಬಾಗಿಲಿಗೆ ಬಂದ ತಮ್ಮನನ್ನು ಕಂಡರೆ ಉಳಿದವರು ಒಳಗೆ ಕರೆಯುತ್ತಾರೆ. ನಾನು ಮೊದಲು ಅವನ ಕೈ ನೋಡಿದೆ. ಬೆರಳುಗಳೆಲ್ಲ ಇದ್ದವು. ಆಮೇಲೆ ಮುಖ ನೋಡಿ, "ಯಾರು?" ಎಂದೆ.

"ಪೇಟಿಕಾಕು," ಎಂದ. "ಗಡಹಿಂಗ್ಲಜದಾಗ. ಮುಂಜಾನೆ ಎಬ್ಬಸಾಕ ಹೋದ್ರ ಏಳಲಿಲ್ಲಂತ."

ನನ್ನ ಕೈ ತಾನಾಗಿಯೇ ಎದೆಯ ಮೇಲೆ ಹೋಯಿತು. ಒಳಗಿನಿಂದ ನನ್ನ ಹೆಂಡತಿಯ ದನಿ ಬಂತು: "ನಿಮ್ಮ ಎದಿ ಆಮ್ಯಾಲ ಹಿಡಕೋರಿ. ಮೊದಲ ಅವಗ ಕುಂಡ್ರು ಅನ್ರಿ."

ಪೇಟಿಕಾಕುವಿನ ಬಗ್ಗೆ ಬರೆಯಬೇಕೆಂದು ಅವತ್ತಿನಿಂದ ಕೂರುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಇಚಲಕರಂಜಿಯ ನಮ್ಮ ಓಣಿಯಲ್ಲಿ ಯಾರೂ ಆಕೆಯನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಈಗ ನಾನು ಬರೆದರೆ ಬೇರೆ ಯಾರೋ ಹೆಂಗಸಿನ ಕತೆ ಹೇಳಿದಂತೆ ಕಾಣುತ್ತದೆ. ಮರಾಠಿಯವರೂ ನಮ್ಮವರೂ ಕೂಡಿ ಪೇಟಿಕಾಕು, ಅಂದರೆ ಪೇಟಿಯ ಚಿಕ್ಕಮ್ಮ, ಎನ್ನುತ್ತಿದ್ದರು. ಮಹಾಗಾಂವದ ಕಡೆಯ ಒಕ್ಕಲುತನದ ಮನೆಯ ಮಗಳು, ಎತ್ತರದ ಆಳು, ಹಣೆಯ ತುಂಬ ವಿಭೂತಿ. ಮನೆಯಲ್ಲಿ ಹಳೆಯ ಹಾರ್ಮೋನಿಯಂ ಪೇಟಿಗಳು. ಒಂದನ್ನೂ ಹೊಸದಾಗಿ ಕೊಂಡದ್ದಲ್ಲ, ಒಂದೂ ಸರಿಯಾಗಿರಲಿಲ್ಲ.

ನನ್ನ ಬಗ್ಗೆಯೂ ಒಂದು ಮಾತು ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾನು ಹೆದರುವವನು. ಪೋಸ್ಟಮನ್ ನಗುತ್ತ ಬಂದರೆ ಯಾಕೆ ನಗುತ್ತಿದ್ದಾನೆಂದು ಹೆದರುತ್ತೇನೆ, ನಗದೆ ಬಂದರೆ ಯಾಕೆ ನಗಲಿಲ್ಲವೆಂದು. ಎಸ್.ಟಿ. ಬಸ್ಸಿನಲ್ಲಿ ಕೂತರೆ ಡ್ರೈವರನ ಕುತ್ತಿಗೆಯನ್ನೇ ನೋಡುತ್ತ ಹೋಗುತ್ತೇನೆ, ಅದು ವಾಲಿದರೆ ಕೂಗೋಣವೆಂದು. ಹೆದರಲು ನನಗೆ ಕಾರಣ ಬೇಕಿಲ್ಲ. ನಿಜವಾದ ಕಾರಣ ಸಿಕ್ಕ ದಿನ ಸ್ವಲ್ಪ ಹಗುರವೇ ಆಗುತ್ತದೆ. ಇಂಥವನು ಮದುವೆಯಾದ ಹೊಸತರಲ್ಲಿ ಗಡಹಿಂಗ್ಲಜ ಬಿಟ್ಟು ಇಚಲಕರಂಜಿಗೆ ಬಂದು, ನೂಲಿನ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಕಾರಕೂನನಾಗಿ, ಮಗ್ಗದ ಶೆಡ್ಡಿನ ಬೆನ್ನಿಗಿದ್ದ ಸಾಲುಮನೆಗಳ ಚಾಳಿನಲ್ಲಿ ಮನೆ ಹಿಡಿದ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು.

ಆ ಸದ್ದನ್ನು ಹೇಗೆ ಹೇಳಲಿ? ಪವರ್‌ಲೂಮಿನ ಖಟಖಟ ಕಿವಿಗೆ ಬೀಳುವುದು ಮೊದಲ ಕೆಲವು ದಿನ ಮಾತ್ರ. ಆಮೇಲೆ ಅದು ನೆಲದಲ್ಲಿರುತ್ತದೆ, ಗೋಡೆಯಲ್ಲಿರುತ್ತದೆ, ತಾಟಿನಲ್ಲಿಟ್ಟ ಸಾರಿನ ಮೇಲೆ ಸಣ್ಣ ಗೆರೆಯಾಗಿ ನಡುಗುತ್ತದೆ. ಗಂಡಹೆಂಡತಿ ಕೂಗಿ ಕೂಗಿ ಮಾತಾಡಿ, ಊರಿಗೆ ಹೋದಾಗಲೂ ಹಾಗೇ ಕೂಗಿ, ಜಗಳವಾಡುತ್ತಿದ್ದೇವೆಂದು ಅತ್ತೆ ಕಣ್ಣೀರು ಹಾಕಿದ್ದುಂಟು.

ಅಲ್ಲಿಗೆ ಬಂದ ಕೆಲವೇ ದಿನಗಳಲ್ಲಿ, ನನ್ನ ಅಂಗಡಿಗೆ ಸೂಟಿಯಿದ್ದ ಒಂದು ಮಧ್ಯಾಹ್ನ, ಸದ್ದು ಒಮ್ಮೆಲೇ ನಿಂತಿತು. ನೆಲವೇ ಕಳಚಿದಂತೆ ಆಗಿ ನಾನು ಮಂಚದ ಕಾಲು ಹಿಡಿದುಕೊಂಡೆ. ಕಿವಿಯೊಳಗೆ ಗುಂಯ್ ಎನ್ನುತ್ತಿತ್ತು. ಹೊರಗೆ ಬಂದು ನೋಡಿದರೆ ಓಣಿಯ ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತಿದ್ದಾರೆ. ಒಬ್ಬಳ ಕೈಗೆ ರೊಟ್ಟಿಯ ಹಿಟ್ಟು ಮೆತ್ತಿತ್ತು, ಇನ್ನೊಬ್ಬಳ ಕೂದಲು ಅರ್ಧ ಹೆಣೆದದ್ದು. ಎಲ್ಲರ ಮುಖ ಒಂದೇ ಕಡೆ, ಓಣಿಯ ತುದಿಯ ಮನೆಯ ಕಡೆ ಇತ್ತು. ಆ ಮನೆಯಿಂದ ಒಂದು ಸ್ವರ ಬರತೊಡಗಿತು. ಪೇಟಿಯ ಸ್ವರ, ಒಂದೇ ಒಂದು. ಏರಲಿಲ್ಲ, ಇಳಿಯಲಿಲ್ಲ.

"ಏನಿಲ್ಲ, ಕರೆಂಟ," ಎಂದಳು ಹಿಟ್ಟಿನ ಕೈಯವಳು. "ಕರೆಂಟ, ಕರೆಂಟ," ಎನ್ನುತ್ತ ಎಲ್ಲರೂ ಒಳಗೆ ಹೋದರು.

ನಾನು ಒಳಗೆ ಹೋಗುವವನಲ್ಲ. ಏನೆಂದು ತಿಳಿಯದಿದ್ದರೆ ನನಗೆ ಊಟ ಸೇರುವುದಿಲ್ಲ. ತುದಿಯ ಮನೆಯ ಕಿಟಕಿಯ ತನಕ ನಡೆದು ಒಳಗೆ ಇಣುಕಿದೆ. ಗೋಡೆಗೆ ಆನಿಸಿದ ದೊಡ್ಡ ಪೇಟಿ, ಅದರ ಮುಂದೆ ಸ್ಟೂಲಿನ ಮೇಲೆ ಕಣ್ಣು ಮುಚ್ಚಿ ಕೂತ ಹೆಂಗಸು. ಆಕೆಯ ಎರಡೂ ಕೈ ಮಡಿಲಲ್ಲಿದ್ದವು. ಪೇಟಿಯ ಮನೆಗಳ ಮೇಲೆ, ಸ್ವರ ಒತ್ತುವ ಆ ಪಟ್ಟಿಗಳ ಮೇಲೆ, ಯಾರೂ ಬೆರಳಿಟ್ಟಿರಲಿಲ್ಲ. ಪೇಟಿ ನುಡಿಯುತ್ತಿತ್ತು.

ನಾನು ಮನೆಗೆ ನಡೆದು ಬಂದೆ ಎಂದು ಬರೆಯಬೇಕೆಂದಿದ್ದೆ. ಹೆಂಡತಿ ಇದನ್ನು ಓದುತ್ತಾಳೆ, ಆದ್ದರಿಂದ ಓಡಿ ಬಂದೆ ಎಂದೇ ಬರೆಯುತ್ತೇನೆ.

"ದೆವ್ವ ಅಂತ?" ಎಂದು ಅವಳು ನಕ್ಕು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಹೋಗಿ ನೋಡಿಬಂದಳು. "ಕಾಲಪೇಟಿ ಐತಿ ಅದು. ಕೆಳಗ ಕಾಲೀಲೆ ಒತ್ತಾಕತ್ತಾರ. ನೀವು ಕಾಲ ನೋಡಲಿಲ್ಲ?"

"ಬೆರಳು? ಬೆರಳು ಇಡದ ಹೆಂಗ ನುಡೀತೈತಿ?"

ಅದನ್ನು ಅವಳು ಮರುದಿನ ಕಾಕುವನ್ನೇ ಕೇಳಿಬಂದಳು.

ಉತ್ತರ ಸರಳವಾಗಿತ್ತು. ಆ ಪೇಟಿ ಮುಚ್ಚಿಹೋದ ಯಾವುದೋ ನಾಟಕ ಕಂಪನಿಯದು. ಒಂದು ಮನೆಯ ಅಡಿಯ ಮುಚ್ಚಳ ಕೂಡುತ್ತಿರಲಿಲ್ಲ. ಗಾಳಿ ತುಂಬಿದ ಕೂಡಲೇ, ಒತ್ತಲಿ ಬಿಡಲಿ, ಆ ಸ್ವರ ನುಡಿಯುತ್ತಿತ್ತು. ಬಾರಿಸುವವರಿಗೆ ಅದು ದೋಷ. ಎಂಥ ರಾಗ ನುಡಿಸಿದರೂ ಹಿಂದೆ ಆ ಒಂದು ಸ್ವರ ಹಟ ಹಿಡಿದ ಕೂಸಿನಂತೆ ಅಳುತ್ತಿರುತ್ತದೆ. ಕಾಕು ಅದನ್ನು ದುರಸ್ತಿ ಮಾಡಿಸಲಿಲ್ಲ. ಅದನ್ನೇ ಷಡ್ಜವೆಂದು ಹಿಡಿದು ಉಳಿದದ್ದನ್ನೆಲ್ಲ ಅದಕ್ಕೆ ಹೊಂದಿಸಿಕೊಂಡಳು.

ಉಳಿದದ್ದು ಎಂದರೆ ಬೇರೆ ಪೇಟಿಗಳು. ಅವನ್ನು ಆರಿಸಲು ಆಕೆ ಕೊಲ್ಹಾಪುರಕ್ಕೆ ಹೋಗುತ್ತಿದ್ದಳು. ಒಮ್ಮೆ ಅಂಗಡಿಯ ಕೆಲಸಕ್ಕೆ ನಾನೂ ಹೋಗುವುದಿತ್ತು, ಜೊತೆಯಾದೆವು. ಹಳೇ ಸಾಮಾನಿನ ಓಣಿಯಲ್ಲಿ, ತಾಮ್ರದ ಹಂಡೆ, ಮುರಿದ ಗ್ರಾಮಫೋನುಗಳ ನಡುವೆ, ವ್ಯಾಪಾರಿ ಧೂಳು ಒರೆಸಿ ಒಂದೊಂದೇ ಕೈಪೇಟಿ ಇಡುತ್ತಿದ್ದ. ಕೊಳ್ಳುವವರು ಮನೆಗಳ ಮೇಲೆ ಬೆರಳಾಡಿಸಿ ನೋಡುವುದು ವಾಡಿಕೆ. ಕಾಕು ಹಾಗೆ ಮಾಡಲಿಲ್ಲ. ತಿದಿ ಒತ್ತಿ, ಬೆರಳು ದೂರ ಇಟ್ಟು, ಕಿವಿ ಹತ್ತಿರ ತಂದು ಸುಮ್ಮನೆ ಕೂತಳು. ಪೇಟಿ ಸುಮ್ಮನಿದ್ದರೆ, "ಇದು ಬ್ಯಾಡ್ರಿ, ಮುಂದಿಂದು." ಕಡೆಗೆ ಒಂದು ಪೇಟಿ ತಾನಾಗಿ ಸಣ್ಣಗೆ ನರಳಿತು. ವ್ಯಾಪಾರಿಗೆ ನಾಚಿಕೆಯಾಯಿತು.

"ಬಾಈ, ತೋ ಸೂರ ಬಿಘಡಲಾಯ. ದುರುಸ್ತ ಕರೂನ ದೇತೋ," ಎಂದ, ಸ್ವರ ಕೆಟ್ಟಿದೆ, ಸರಿಮಾಡಿ ಕೊಡುತ್ತೇನೆ ಎಂದು.

"ನಕೋ ನಕೋ," ಎಂದಳು ಕಾಕು ಗಾಬರಿಯಾಗಿ. "ತೋಚ ಪಾಹಿಜೆ." ಕೆಟ್ಟ ಆ ಸ್ವರವೇ ಬೇಕು.

ವ್ಯಾಪಾರಿ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ, ತಲೆ ಸರಿಯಿದೆಯೇ ಎಂದು. ನಾನು ಅವನ ಕಣ್ಣು ತಪ್ಪಿಸಿದೆ. ನಮ್ಮಿಬ್ಬರಲ್ಲಿ ಯಾರ ತಲೆಯ ಬಗ್ಗೆ ಕೇಳುತ್ತಿದ್ದಾನೋ ಖಾತ್ರಿಯಿರಲಿಲ್ಲ.

ಆ ಪೇಟಿಯ ತಾನಾಗಿ ನುಡಿಯುವ ಸ್ವರ ಮನೆಯ ದೊಡ್ಡ ಪೇಟಿಯ ಸ್ವರಕ್ಕೆ ಪಂಚಮವಾಗುತ್ತಿತ್ತು. ಆಕೆ ಅದನ್ನು ಬಾಯಲ್ಲಿ ಗುನುಗಿಕೊಂಡು ಬಂದಿದ್ದಳು; ಗುನುಗುತ್ತಲೇ ಬಸ್ಸು ಹತ್ತಿದಳು. ಪೇಟಿ ಆಕೆಯ ತೊಡೆಯ ಮೇಲಿತ್ತು. ನಾನು ಡ್ರೈವರನ ಕುತ್ತಿಗೆ ನೋಡುತ್ತಿದ್ದೆ.

"ತಮ್ಮಾ, ನಿನಗ ಭಾಳ ಹೆದರಿಕಿ ಐತೇನು?" ಎಂದಳು ಇದ್ದಕ್ಕಿದ್ದಂತೆ.

"ಹಂಗೇನಿಲ್ರಿ," ಎಂದೆ.

"ಇರಲಿ ಬಿಡು. ನನಗೂ ಐತಿ." ಪೇಟಿಯ ಮುಚ್ಚಳದ ಮೇಲೆ ಕೈಯಾಡಿಸುತ್ತ ಹೇಳತೊಡಗಿದಳು. ನನ್ನ ಕಡೆ ನೋಡಲಿಲ್ಲ. "ನಾ ಮೊದಲ ಹಾಡು ನುಡಸ್ತಿದ್ದೆ. ಭಜನಿ ಹಾಡು, ನಾಟಕದ ಹಾಡು, ಎಲ್ಲಾ. ಆದ್ರ ಮಗ್ಗದ ಸದ್ದಿನಾಗ ಪೇಟಿ ಎಲ್ಲಿ ಕೇಳಬೇಕು? ಕರೆಂಟ ಹೋದಾಗ ಅಷ್ಟ ನನಗ ಸಿಗ್ತಿತ್ತು. ಮಗ್ಗ ನಿಂತು ಅಂದ್ರ ಹಂಚಿನ ಮ್ಯಾಲಿನ ರೊಟ್ಟಿ ಬಿಟ್ಟು ಓಡಿ ಬಂದು ಕುಂಡ್ರತಿದ್ದೆ. ನಮ್ಮವರು ನಗ್ತಿದ್ರು, ಊರಿಗೆಲ್ಲಾ ಕತ್ತಲಾದ್ರ ನಿನಗ ದೀಪಾವಳಿ ಅಂತ."

ಆಕೆಯ ಗಂಡ ನಮ್ಮ ಚಾಳಿನ ಬೆನ್ನಿನ ಶೆಡ್ಡಿನಲ್ಲಿ ಜಾಬರ್ ಆಗಿದ್ದ, ಕೆಟ್ಟ ಮಗ್ಗಗಳನ್ನು ಸರಿಮಾಡುವ ಕೆಲಸ.

"ಅವತ್ತೂ ನಿಂತ್ವು. ನಾ ಕರೆಂಟ ಹೋತು ಅಂತ ತಿಳದೆ. ಭಾಳ ದಿನದ ಮ್ಯಾಲ ಒಂದ ಹಾಡು ಛಂದ ಕೂಡಿ ಬರಾಕತ್ತಿತ್ತು. ಬಾಗಲಾ ಬಡದ್ರಂತ. ಹೆಸರ ಹಿಡದು ಒದರಿದ್ರಂತ. ಹಾಡು ಮುಗಿಯೂತನಕ ನನಗ ಕೇಳಲೇ ಇಲ್ಲ." ಕೈ ಮುಚ್ಚಳದ ಮೇಲೆ ನಿಂತಿತು. "ನಮ್ಮವರ ಧೋತರ ಮಗ್ಗದ ಪಟ್ಟಾದಾಗ ಸಿಕ್ಕಿತ್ತು. ಕರೆಂಟ ಹೋಗಿರಲಿಲ್ಲ. ಮೇನ್ ಬಂದ್ ಮಾಡಿದ್ರು."

ನಾನು ಡ್ರೈವರನ ಕುತ್ತಿಗೆ ಬಿಟ್ಟು ಆಕೆಯ ಕಡೆ ತಿರುಗಿದೆ. "ಈಗ ಹಾಡು ಯಾಕ ನುಡಸೂದಿಲ್ರಿ?" ಎಂದು ದಡ್ಡನಂತೆ ಕೇಳಿದೆ.

"ಹಾಡು ನುಡಸಿದ್ರ ಕಿವಿ ಅದರ ಹಿಂದ ಹೋಗಿ ಬಿಡ್ತೈತಿ ತಮ್ಮಾ. ಒಂದ ಸುರ ಹಿಡಕೊಂಡ್ರ ಕಿವಿ ಖಾಲಿ ಇರ್ತೈತಿ. ಯಾರರ ಕರದ್ರ ಕೇಳಬೇಕಲ್ಲ."

ಅಷ್ಟು ದಿನ ನಾನು ಅದನ್ನು ಧ್ಯಾನವೆಂದೇ ತಿಳಿದಿದ್ದೆ. ಧ್ಯಾನವೇ ಇರಬೇಕು. ಆದರೆ ಕಣ್ಣು ಮುಚ್ಚಿ ಲೋಕ ಮರೆಯುವ ಧ್ಯಾನವಲ್ಲ ಅದು. ಕಣ್ಣು ಮುಚ್ಚಿ ಬಾಗಿಲಿಗೆ ಕಿವಿಯಿಟ್ಟು ಕೂತದ್ದು.

ಓಣಿಯ ಕತೆ ಆಗ ನನಗೆ ಅರ್ಥವಾಯಿತು. ಮಗ್ಗಗಳು ನಿಲ್ಲುವುದಕ್ಕೆ ಎರಡೇ ಕಾರಣ: ಒಂದೋ ಕರೆಂಟ್ ಹೋಗಿದೆ, ಇಲ್ಲವೇ ಒಳಗೆ ಯಾರೋ ಸಿಕ್ಕಿಬಿದ್ದಿದ್ದಾರೆ. ರಾತ್ರಿಯಾದರೆ ಮನೆಯ ದೀಪವೇ ಹೇಳುತ್ತದೆ. ಹಗಲು ಹೇಳುವವರಿಲ್ಲ. ನಮ್ಮ ಚಾಳಿನ ಮಾಲಕ ಸಂಜೆಯಾಗದೆ ನಮ್ಮ ಮನೆಗಳಿಗೆ ಕರೆಂಟ್ ಬಿಡುತ್ತಿರಲಿಲ್ಲ. ಅಷ್ಟು ಸದ್ದು ನಿಂತ ಮೇಲೆ ಗುಂಯ್ ಎನ್ನುವ ಕಿವಿಗೆ ದೂರದ ಶೆಡ್ಡುಗಳು ನಡೆಯುತ್ತಿವೆಯೋ ಇಲ್ಲವೋ ತಿಳಿಯುವುದಿಲ್ಲ. ಸ್ವಂತ ಮೀಟರು ಇದ್ದದ್ದು ಕಾಕುವಿನ ಮನೆಗೆ ಮಾತ್ರ. ಗಂಡ ಹೋದ ಮೇಲೆ ಆಕೆ ದೊಡ್ಡ ಪೇಟಿಯ ಮೇಲೆ ಒಂದು ಬಲ್ಬು ತೂಗುಹಾಕಿ ಹಗಲಿಡೀ ಉರಿಸುತ್ತಿದ್ದಳು. ಮಗ್ಗ ನಿಂತು ಬಲ್ಬೂ ಆರಿದ್ದರೆ ಕರೆಂಟ್ ಹೋಗಿದೆ. ಆಗ ಆಕೆ ಕೂತು ಆ ಸ್ವರ ಹಿಡಿಯುತ್ತಿದ್ದಳು, ಬಲ್ಬು ಮತ್ತೆ ಹತ್ತುವ ತನಕ. ಅದು ತನಗಾಗಿ ಮಾಡಿಕೊಂಡ ರೂಢಿ. ಓಣಿಯ ಹೆಂಗಸರೇ ಅದನ್ನು ತಮ್ಮದಾಗಿ ಮಾಡಿಕೊಂಡರು. ಕಾಕುವಿನ ಸ್ವರ ಬಂದರೆ ಗಂಡ ಮಕ್ಕಳು ಸುಖವಾಗಿದ್ದಾರೆ. ಬರದಿದ್ದರೆ ಓಡಬೇಕು.

ಒಮ್ಮೆ ಬರಲಿಲ್ಲ. ಮಗ್ಗ ನಿಂತಿತು, ಬಲ್ಬು ಉರಿಯುತ್ತಲೇ ಇತ್ತು. ಎಲ್ಲರಿಗಿಂತ ಮೊದಲು ಓಡಿದವಳು ಕಾಕುವೇ, ಬರಿಗಾಲಲ್ಲಿ. ದತ್ತವಾಡದ ಒಬ್ಬನ ಕೈ ಸಿಕ್ಕಿಕೊಂಡಿತ್ತು. ಹೆಂಗಸರು ಮಂಚ ಹೊತ್ತು ತಂದು ಅವನನ್ನು ದವಾಖಾನೆಗೆ ಸೇರಿಸಿದರು; ಕೈ ಹೋಯಿತು, ಜೀವ ಉಳಿಯಿತು. ಆಮೇಲೆ ಆ ಸ್ವರದ ಮೇಲೆ ಯಾರಿಗೂ ಸಂಶಯವೇ ಉಳಿಯಲಿಲ್ಲ. ನನಗೆ ಮಾತ್ರ ಹೊಸ ಹೆದರಿಕೆಯೊಂದು ಸೇರಿತು: ಬಲ್ಬೇ ಸುಟ್ಟುಹೋದರೆ? ಕೇಳಿಯೂ ಬಿಟ್ಟೆ. ಕಾಕು ನಕ್ಕು ಕಪಾಟು ತೆಗೆದು ತೋರಿಸಿದಳು. ಇನ್ನೊಂದು ಬಲ್ಬು ಹತ್ತಿಯಲ್ಲಿ ಸುತ್ತಿ ಇಟ್ಟಿದ್ದಳು. "ಅದೂ ಸುಟ್ರ?" ಎಂದೆ. "ಆಗ ನಿನ್ನ ಕರೀತೇನಿ," ಎಂದಳು.

ಮಗ್ಗಗಳಿಗೆ ವಾರದ ಸೂಟಿ ಇದ್ದ ದಿನ ಬೇರೆಯೇ ಲೋಕ. ಅವತ್ತು ಸದ್ದು ಇಲ್ಲವೆಂದು ಮೊದಲೇ ಗೊತ್ತು, ಆದರೂ ಯಾರಿಗೂ ಚೈನಿಲ್ಲ. ಕೂಸುಗಳು ಅಳುತ್ತಿದ್ದವು, ಗಂಡಸರು ಓಣಿಯಲ್ಲಿ ಅತ್ತಿತ್ತ ಅಡ್ಡಾಡುತ್ತಿದ್ದರು. ಕಾಕು ಅವತ್ತು ಎಲ್ಲ ಪೇಟಿ ಹೊರಗೆ ತೆಗೆಯುತ್ತಿದ್ದಳು. ಕಾಲಿಂದ ದೊಡ್ಡದು, ಎಡಗೈಯಿಂದ ಪಂಚಮದ್ದು. ಬಲಗೈಯಲ್ಲಿ ಒಡೆದ ಬುರುಡೆಯ ತಂಬೂರಿ, ಬಟ್ಟೆಯ ತುಂಡಿಗೆ ನೂಲಿನ ಗಂಜಿ ಹಚ್ಚಿ ತಾನೇ ಅಂಟಿಸಿದ್ದು. ಮೂರೂ ಸೇರಿದಾಗ ಕೋಣೆಯಲ್ಲಿ ಇನ್ನೂ ಯಾರೋ ನುಡಿಸುತ್ತಿದ್ದಾರೆಂದು ಅನಿಸುತ್ತಿತ್ತು. ನಾನು ಆಗಾಗ ಹಿಂದೆ ತಿರುಗಿ ನೋಡುತ್ತಿದ್ದೆ. ಹಾಡಿಲ್ಲ, ತಾಳವಿಲ್ಲ. ಒಂದೇ ಗಾಳಿ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಗಂಡಸರು ಗೋಡೆಗೆ ಒರಗಿ ಕೂತು ಹಾಗೇ ನಿದ್ದೆ ಹೋಗುತ್ತಿದ್ದರು. ಸುದ್ದಿ ಕೇಳಿ ಕೊಲ್ಹಾಪುರದಿಂದ ಸಂಗೀತದ ಹುಚ್ಚಿನ ದೊಡ್ಡ ಮನುಷ್ಯರೊಬ್ಬರು ಬಂದರು. ಕಣ್ಣು ಮುಚ್ಚಿ ಕೂತರು, ಬಹಳ ಹೊತ್ತು. ಎದ್ದು, ಸಮಾಧಿ ಸಿಕ್ಕಿತೆಂದು ಕೈಮುಗಿದು ಹೋದರು.

"ಸಮಾಧಿ ಅಲ್ಲ, ಗೊರಕಿ ಹೊಡ್ಯಾಕತ್ತಿದ್ರು," ಎಂದಳು ಕಾಕು ನನ್ನ ಹೆಂಡತಿಗೆ. "ಹೊಡೀಲಿ ಪಾಪ. ಸುರಕ್ಕ ಹೊಂದಿದ್ರ ಛಲೋ ಆಗ್ತಿತ್ತು."

ಇಷ್ಟರಲ್ಲಿ ನನ್ನ ತಮ್ಮ ಬಸು ಊರಿನಿಂದ ಬಂದ. ಶಾಲೆ ಅರ್ಧಕ್ಕೆ ಬಿಟ್ಟವನು, ಗಟ್ಟಿಮುಟ್ಟಾದ ಹುಡುಗ, ಯಾವುದಕ್ಕೂ ಹೆದರುವವನಲ್ಲ. ನಮ್ಮಿಬ್ಬರಿಗೆ ಇರಬೇಕಾದ ಹೆದರಿಕೆಯನ್ನೆಲ್ಲ ದೇವರು ಹಿರಿಯನೆಂದು ನನಗೇ ಕೊಟ್ಟಿರಬೇಕು. ಆ ಬೆನ್ನಿನ ಶೆಡ್ಡಿನಲ್ಲಿಯೇ ಅವನಿಗೆ ಕೆಲಸ ಸಿಕ್ಕಿತು. ಬೇಡವೆಂದೆ. "ಅಣ್ಣಾ, ಮತ್ತೇನು ನಿನ್ನಂಗ ಅಂಗಡ್ಯಾಗ ಕುಂತು ಬೆವರಲೇನು?" ಎಂದ. ಧೋತರ ಉಡಬಾರದು, ಚಡ್ಡಿ ಹಾಕಬೇಕು, ಅಂಗಿಯ ತೋಳು ಮಡಚಬೇಕು, ಮಗ್ಗದ ಪಟ್ಟಾದ ಹತ್ತಿರ ಬಾಗಬಾರದು ಎಂದು ದಿನಾ ಹೇಳಿದೆ. ಅವನು ಹೂಂ ಎನ್ನುತ್ತಿದ್ದ, ಹೋಗುತ್ತಿದ್ದ. ಅವತ್ತಿನಿಂದ ನನ್ನ ಹೆದರಿಕೆಗೆ ಒಂದು ಹೆಸರು ಸಿಕ್ಕಿತು. ನಾನು ಮನೆಯಲ್ಲಿದ್ದ ಹಗಲುಗಳಲ್ಲಿ ಮಗ್ಗ ನಿಂತಾಗಲೆಲ್ಲ, ಕಾಕುವಿನ ಸ್ವರ ಬರುವ ತನಕದ ಆ ಸ್ವಲ್ಪ ಹೊತ್ತಿನಲ್ಲಿ, ನಾನು ನನ್ನ ತಮ್ಮನನ್ನು ಕಳೆದುಕೊಂಡು, ಊರಿಗೆ ಒಯ್ದು, ಅವ್ವನಿಗೆ ಏನು ಹೇಳಬೇಕೆಂದು ಮಾತು ಜೋಡಿಸಿ ಮುಗಿಸಿರುತ್ತಿದ್ದೆ. ಸ್ವರ ಬರುತ್ತಿತ್ತು. ಅವನು ಬದುಕುತ್ತಿದ್ದ. ಎಷ್ಟು ಸಲ ಸತ್ತು ಬದುಕಿದ್ದಾನೋ ಅವನಿಗೇ ಗೊತ್ತಿಲ್ಲ.

ಹೀಗೆ ವರ್ಷಗಳು ಹೋದವು. ಎಂಬತ್ತರ ದಶಕ ಬಂದಿತ್ತು. ಒಂದು ದಿನ ನನಗೆ ಮೈ ಬಿಸಿ ಎನಿಸಿ ರಜೆ ಹಾಕಿ ಮಲಗಿದ್ದೆ. ಥರ್ಮಾಮೀಟರು ಏನೂ ಇಲ್ಲವೆಂದು ಹೇಳಿತ್ತು. ನಾನು ಅದನ್ನು ನಂಬಿರಲಿಲ್ಲ. ಮಧ್ಯಾಹ್ನ ಮಗ್ಗಗಳು ನಿಂತವು.

ಎದ್ದು ಕೂತೆ. ಕಿವಿಯಲ್ಲಿ ಗುಂಯ್ ಶುರುವಾಯಿತು. ಹೊರಗೆ ಬಾಗಿಲುಗಳು ತೆರೆದವು. ನನ್ನ ಹೆಂಡತಿ ಹೊಸ್ತಿಲಲ್ಲಿ ನಿಂತಳು. ಎಲ್ಲರೂ ಕಾಯುತ್ತಿದ್ದೆವು. ಸ್ವರ ಬರಲಿಲ್ಲ.

ಇನ್ನೂ ಬರಲಿಲ್ಲ.

"ಅಯ್ಯ ನಮ್ಮವ್ವಾ," ಎಂದಳು ಯಾರೋ. ಅಷ್ಟೇ ಸಾಕಾಯಿತು. ಓಣಿಗೆ ಓಣಿಯೇ ಶೆಡ್ಡಿನ ಮುಂದಿನ ಬಾಗಿಲಿನ ಕಡೆ ಎದ್ದು ಓಡಿತು. ಅದಕ್ಕೆ ಚಾಳು ಸುತ್ತಿ ದೊಡ್ಡ ರಸ್ತೆಯಿಂದ ಹೋಗಬೇಕು. ಮರಾಠಿಯಲ್ಲಿ, ಕನ್ನಡದಲ್ಲಿ ಗಂಡಂದಿರ ಹೆಸರು ಕೂಗುತ್ತಿದ್ದರು. ಎಂದೂ ಹೆದರದ ನನ್ನ ಹೆಂಡತಿ ತಿರುಗಿ ನನ್ನ ಮುಖ ನೋಡಿ, "ಬಸೂ," ಎಂದಳು. ಚಪ್ಪಲಿ ಮೆಟ್ಟದೆ ಓಡಿದಳು.

ನಾನೂ ಓಡಬೇಕಿತ್ತು. ಕಾಲು ಏಳಲಿಲ್ಲ. ಗೋಡೆ ಹಿಡಿದು ಓಣಿಗೆ ಇಳಿದೆ. ಶೆಡ್ಡಿಗೆ ಹೋಗುವ ಧೈರ್ಯವಿರಲಿಲ್ಲ. ಹೋದರೆ ನೋಡಬೇಕಾಗುತ್ತದೆ. ಅದಕ್ಕಿಂತ ಮೊದಲು ಬಲ್ಬು ನೋಡೋಣ ಎನಿಸಿತು. ಬಲ್ಬು ಉರಿಯುತ್ತಿದ್ದರೆ ಆಮೇಲೆ ಹೋಗುವುದು ಇದ್ದೇ ಇದೆ. ಹೀಗೆ ಸ್ವಲ್ಪ ಹೊತ್ತು ಮುಂದೂಡುವುದಕ್ಕೆಂದೇ ಗೋಡೆ ಹಿಡಿದು ಹಿಡಿದು ತುದಿಯ ಮನೆಗೆ ಹೋಗಿ ಕಿಟಕಿಯಲ್ಲಿ ಇಣುಕಿದೆ.

ಬಲ್ಬು ಆರಿತ್ತು.

ಹಾಗಾದರೆ ಕರೆಂಟ್. ಬಸು ಇದ್ದಾನೆ. ಹಾಗಾದರೆ ಸ್ವರವೆಲ್ಲಿ?

ಕಾಕು ಸ್ಟೂಲಿನ ಪಕ್ಕ ನೆಲದ ಮೇಲೆ ಗೋಡೆಗೆ ವಾಲಿದ್ದಳು. ಮುಖದ ಒಂದು ಕಡೆ ಜಾರಿತ್ತು. ಒಂದು ಕಾಲು ಪೇಟಿಯ ತುಳಿಮಣೆಯ ಮೇಲೇ ಇತ್ತು, ಅದು ಅಲುಗುತ್ತಿರಲಿಲ್ಲ. ನಾನು ಬಾಗಿಲು ದೂಡಿ ಒಳಗೆ ಹೋದೆ. "ಕಾಕೂ, ಕಾಕೂ," ಎನ್ನುವುದನ್ನು ಬಿಟ್ಟು ಬೇರೆ ಮಾತು ಬರಲಿಲ್ಲ. ಆಕೆ ಏನೋ ಹೇಳಿದಳು, ಅದು ಮಾತಾಗಲಿಲ್ಲ. ಎತ್ತಿ ಗೋಡೆಗೆ ನೆಟ್ಟಗೆ ಕೂಡಿಸಿದೆ. "ಡಾಕ್ಟರಿಗೆ ಕರೀತೇನ್ರಿ, ರಿಕ್ಷಾ ತರ್ತೇನ್ರಿ," ಎಂದು ಎದ್ದೆ. ಆಕೆಯ ಒಳ್ಳೆಯ ಕೈ ನನ್ನ ಪೈಜಾಮ ಹಿಡಿದುಕೊಂಡಿತು. ಬಿಡಿಸಲು ಆಗದಷ್ಟು ಬಿಗಿ. ಕಣ್ಣು ಪೇಟಿಯ ಕಡೆ ಹೋಯಿತು, ಓಣಿಯ ಕಡೆ ಹೋಯಿತು, ಮತ್ತೆ ಪೇಟಿಯ ಕಡೆ ಬಂತು.

ದೂರದಿಂದ ಹೆಂಗಸರ ಅಳು ಕೇಳುತ್ತಿತ್ತು.

"ಕಾಕೂ, ಮೊದಲ ನಿಮಗ—"

"ಒ," ಎಂದಳು. ತುಟಿಯ ಒಂದು ಬದಿಯಿಂದ, ಕಷ್ಟಪಟ್ಟು. "ಒತ್..."

ಚಾಳಿನ ಬಾಗಿಲಲ್ಲಿ ಓಡಲಾಗದೆ ನಿಂತಿದ್ದ ಬಸುರಿಯೊಬ್ಬಳಿಗೆ ಕಿಟಕಿಯಿಂದಲೇ, "ಡಾಕ್ಟರಿಗೆ ಕರಸ್ರೀ! ಕಾಕೂಗ!" ಎಂದು ಕೂಗಿದೆ. ಸ್ಟೂಲಿನ ಮೇಲೆ ಕೂತೆ. ಆಕೆಯ ಕಾಲನ್ನು ಕೈಯಿಂದ ಎತ್ತಿ ಪಕ್ಕಕ್ಕಿಟ್ಟೆ; ಕಾಲು ತಣ್ಣಗಿತ್ತು, ಭಾರವಾಗಿತ್ತು. ನನ್ನ ಕಾಲುಗಳನ್ನು ಅದರ ಜಾಗದಲ್ಲಿ ಇಟ್ಟು ತುಳಿದೆ. ಮೊದಲು ಬರೀ ಗಾಳಿ. ಆಮೇಲೆ ಒಂದು ಕೆಮ್ಮಿನಂಥ ಸದ್ದು. ಆಮೇಲೆ ಅದು ಬಂತು.

ನನ್ನ ಕಾಲು ನಡುಗುತ್ತಿದ್ದುದರಿಂದ ಸ್ವರವೂ ನಡುಗಿತು. ಕಾಕು ಹುಬ್ಬು ಗಂಟಿಕ್ಕಿದಳು. ಅಂಥ ಹೊತ್ತಿನಲ್ಲೂ! ನಾನು ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ಒಂದೇ ಸಮ ತುಳಿಯಲು ನೋಡಿದೆ. ಆ ಓಣಿಯಲ್ಲಿ ಆಗ ನನ್ನಷ್ಟು ಹೆದರಿದವನು ಇನ್ನೊಬ್ಬನಿರಲಿಲ್ಲ. ಪಕ್ಕದಲ್ಲಿ ಆಕೆಯ ಉಸಿರು ಎಳೆದು ಎಳೆದು ಬರುತ್ತಿತ್ತು. ಯಾವ ಎಳೆತ ಕೊನೆಯದೋ ಎಂದು ಪ್ರತಿಯೊಂದನ್ನೂ ಕೇಳುತ್ತಿದ್ದೆ. ಆದರೂ ನನ್ನ ಕಾಲಿನಿಂದ ಹೊರಟು ಓಣಿಗೆ ಹೋಗುತ್ತಿದ್ದುದು, ಏನಿಲ್ಲ, ಕರೆಂಟ, ಎಂಬ ಮಾತು.

ಅಳು ನಿಂತಿತು. ಯಾರೋ ನಕ್ಕದ್ದೂ ಕೇಳಿತು. ಕಾಕುವಿನ ಕೈ ನನ್ನ ಪೈಜಾಮದ ಮೇಲೆ ಸಡಿಲವಾಯಿತು. ಸತ್ತಳೆಂದು ತಿಳಿದು ನಾನು ಕಾಲು ನಿಲ್ಲಿಸಿದೆ. ಕೂಡಲೇ ಆ ಕೈ ನನ್ನ ತೊಡೆಗೆ ಒಂದು ಏಟು ಹಾಕಿತು. ಮತ್ತೆ ತುಳಿದೆ.

ಬಾಗಿಲಲ್ಲಿ ಬಸುವಿನ ದನಿ ಬಂತು. ಕೈಯಲ್ಲಿ ಚಹದ ಗ್ಲಾಸು ಹಿಡಿದೇ ಬಂದಿದ್ದ. "ಕಾಕೂ, ಇವತ್ತ ಯಾಕ ತಡಾ ಆತು? ನಮ್ಮ ವೈನಿ ಅಳಕೋತ ಬಂದು ನನ್ನ ಎಲ್ಲಾರ ಮುಂದ ತಬ್ಬಿಕೊಂಡ್ಳು, ಮರ್ಯಾದಿ ಹೋತು ನನ್ನ—" ಎಂದವನು ಸ್ಟೂಲಿನ ಮೇಲೆ ನನ್ನನ್ನು ಕಂಡು ಗ್ಲಾಸು ಕೆಳಗಿಟ್ಟ.

ಅವನೇ ರಿಕ್ಷಾ ತಂದದ್ದು. ಎತ್ತಿ ಕೂಡಿಸಿದ್ದೂ ಅವನೇ. ನಾನು ಏಳಲಿಲ್ಲ. ಬಲ್ಬು ಹತ್ತಿರಲಿಲ್ಲ, ಹತ್ತುವ ತನಕ ಬಿಡಬಾರದೆಂದು ಆಕೆಯ ಕಣ್ಣು ಹೇಳಿತ್ತು. ರಿಕ್ಷಾ ಹೋಯಿತು. ನಾನೊಬ್ಬನೇ ಆ ಕೋಣೆಯಲ್ಲಿ ಕೂತು ತುಳಿದೆ. ಕಡೆಗೆ ತಲೆಯ ಮೇಲೆ ಬಲ್ಬು ಹತ್ತಿತು, ಮಗ್ಗಗಳು ಶುರುವಾದವು, ಸ್ವರ ಆ ಸದ್ದಿನಲ್ಲಿ ಮುಳುಗಿತು. ಆಮೇಲೆ ಎದ್ದು ದವಾಖಾನೆಯ ಕಡೆ ಓಡಿದೆ.

ಕಾಕು ಉಳಿದಳು. ಮಾತು ಮುಕ್ಕಾಲು ತಿರುಗಿ ಬಂತು, ಎಡಗಾಲು ಬರಲಿಲ್ಲ. ಅಣ್ಣನ ಮಕ್ಕಳು ಗಡಹಿಂಗ್ಲಜಕ್ಕೆ ಕರೆದೊಯ್ದರು. ಹೋಗುವ ಮುನ್ನ ಕೈಪೇಟಿ, ತಂಬೂರಿ ಯಾರ್ಯಾರಿಗೋ ಕೊಟ್ಟಳು. ಭಜನಿ ಮೇಳದವರು ದೊಡ್ಡ ಪೇಟಿ ಕೇಳಿದರು. ದುರಸ್ತಿ ಮಾಡಿಸಿ ಛಂದ ಇಟ್ಟುಕೊಳ್ಳುತ್ತೇವೆ ಎಂದರು. ಆಕೆ ಬೆರಳು ಮಾಡಿ ನನ್ನನ್ನು ತೋರಿಸಿದಳು.

"ನನಗ ನುಡಸಾಕ ಬರೂದಿಲ್ರಿ ಕಾಕೂ," ಎಂದೆ.

"ಅದಕ್ಕ," ಎಂದಳು. ತುಸು ತೊದಲಿ, ಉಸಿರು ತೆಗೆದುಕೊಂಡು: "ಧೈರ್ಯ ಇದ್ದವರಿಗೆ ಕೊಟ್ರ ಹಾಡು ನುಡಸ್ತಾರ."

ನಾನು ಆಮೇಲೆ ಕೊಲ್ಹಾಪುರಕ್ಕೆ ಬಂದೆ. ಇಲ್ಲಿ ನಮ್ಮ ಮನೆಯ ಹತ್ತಿರ ಮಗ್ಗವಿಲ್ಲ. ಪೇಟಿಯನ್ನು ಹೊರಗಿನ ಕೋಣೆಯಲ್ಲಿಟ್ಟೆ, ಅದರ ಮೇಲೆ ಹಗಲು ಒಂದು ಬಲ್ಬು ಉರಿಯುತ್ತಿತ್ತು. ಯಾಕೆಂದು ಕೇಳಿದವರಿಗೆ ಹೆಂಡತಿಯೇ, "ನಮ್ಮವರಿಗೆ ಹಗಲೂ ಕತ್ತಲಿ ಕಾಣ್ತೈತ್ರಿ," ಎಂದು ಹೇಳಿ ಕಳಿಸುತ್ತಿದ್ದಳು. ಕರೆಂಟ್ ಹೋದಾಗ ನಾನು ಕೂತು ತುಳಿಯುತ್ತಿದ್ದೆ. ಇಚಲಕರಂಜಿಯಲ್ಲಿರುವ ತಮ್ಮನಿಗೆ ಅದು ಕೇಳುವುದಿಲ್ಲ, ಗೊತ್ತಿತ್ತು. ತುಳಿಯುವಾಗ ಎದೆ ಡವಡವ ಎನ್ನುವುದು ನಿಲ್ಲುತ್ತಲೂ ಇರಲಿಲ್ಲ. ಆ ಸ್ವರದ ಜೊತೆ ಅದೂ ಒಂದು ಸ್ವರವಾಗಿ ಇರುತ್ತಿತ್ತು, ಅಷ್ಟೇ.

ಹೋದ ವಾರ ಬಸು ಬರೀ ಸುದ್ದಿ ಹೇಳಲು ಬಂದಿರಲಿಲ್ಲ. ಊಟ ಮಾಡಿ ಕೈ ತೊಳೆದ ಮೇಲೆ ಪೇಟಿಯನ್ನು ನೋಡುತ್ತ ಕೂತ. ಅವನಿಗೀಗ ಮದುವೆಯಾಗಿದೆ, ಕಾಕು ಇದ್ದ ಆ ತುದಿಯ ಮನೆಯನ್ನೇ ಬಾಡಿಗೆ ಹಿಡಿದಿದ್ದಾನೆ, ಅದೇ ಶೆಡ್ಡಿನಲ್ಲಿ ಜಾಬರ್ ಆಗಿದ್ದಾನೆ.

"ಅಣ್ಣಾ, ಇದನ್ನ ಒಯ್ಲ್ಯಾ? ನಮ್ಮಾಕಿ ಕೇಳ್ಯಾಳ."

"ಆಕಿಗೆ ಪೇಟಿ ನುಡಸಾಕ ಬರ್ತೈತೇನು?"

"ಏನೂ ಬರೂದಿಲ್ಲ."

"ಹೆದರ್ತಾಳೇನು?"

ಬಸು ನೆಲ ನೋಡಿದ. "ಭಾಳ," ಎಂದ. "ಮಗ್ಗ ನಿಂತ್ರ ಸಾಕು, ಬಾಗಲದಾಗ ಬಂದು ನಿಂತಿರ್ತಾಳ. ಓಣ್ಯಾಗ ಎಲ್ಲಾರೂ ನಿಂತಿರ್ತಾರ. ಈಗ ಹೇಳಾವ್ರು ಯಾರೂ ಇಲ್ಲ."

"ಒಯ್ಯಿ," ಎಂದೆ. "ಆ ಮುಚ್ಚಳಾ ಮಾತ್ರ ದುರಸ್ತಿ ಮಾಡಸಬ್ಯಾಡ್ರಿ."

ನಿನ್ನೆ ಟೆಂಪೋ ತಂದ. ಇಬ್ಬರು ಹಮಾಲರು ಪೇಟಿಯನ್ನು ಎತ್ತಿ ಹೊಸ್ತಿಲು ದಾಟಿಸುವಾಗ ಒಬ್ಬನ ಮೊಣಕಾಲು ತುಳಿಮಣೆಗೆ ತಾಗಿತು. ಪೇಟಿಯ ಯಾರೂ ಮುಟ್ಟದ ಮನೆಯಿಂದ ಸ್ವರ ಹೊರಟಿತು. ಹಮಾಲ ಹೌಹಾರಿ ಪೇಟಿಯನ್ನು ಹೊಸ್ತಿಲ ಮೇಲೆ ಇಳಿಸಿ ದೂರ ಸರಿದು ನಿಂತ.

"ಏನಿಲ್ಲೋ," ಎಂದೆ. "ಕರೆಂಟ, ಅಷ್ಟ."

ಅವನು ನನ್ನ ಮುಖ ನೋಡಿದ, ಒಳಗೆ ಉರಿಯುತ್ತಿದ್ದ ಬಲ್ಬನ್ನು ನೋಡಿದ, ಮತ್ತೆ ನನ್ನ ಮುಖ ನೋಡಿದ. ಆಮೇಲೆ ಯಾಕೋ ಧೈರ್ಯ ಬಂದವನಂತೆ ಪೇಟಿಗೆ ಕೈ ಹಾಕಿದ.